ತೊಳೆದ ಫೋಟೋಗಳು

ಹಸಿರು ಗೆರೆ ಅಲ್ಲೇ ನಿಂತಿತ್ತು. ಶಿವಾಜಿಯ ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ಅಶ್ಫಾಕ ಕಂಪ್ಯೂಟರಿನ ಪರದೆಯ ಮೇಲಿನ ಆ ಗೆರೆಯನ್ನೇ ದಿಟ್ಟಿಸುತ್ತಿದ್ದ, ದಿಟ್ಟಿಸಿದರೆ ನಾಚಿಕೆಯಾಗಿಯಾದರೂ ಅದು ಕೂದಲೆಳೆಯಷ್ಟು ಮುಂದೆ ಸರಿದೀತು ಎಂಬಂತೆ. ಮೇಜಿನ ಮೇಲೆ ಅವನ ಹಾರ್ಡ್‌ಡಿಸ್ಕು ಅಂಗಾತ ಬಿದ್ದುಕೊಂಡು ಆಗಾಗ ಟಿಕ್ ಟಿಕ್ ಎನ್ನುತ್ತಿತ್ತು. ಶಿವಾಜಿಗೆ ಇದರ ಪರಿವೆಯೇ ಇರಲಿಲ್ಲ. ಒಂದು ಕಿವಿಗೆ ಇಯರ್‌ಫೋನು ಸಿಗಿಸಿಕೊಂಡು, ಯಾರದೋ ಮೊಬೈಲಿನ ಹೊಟ್ಟೆ ಬಗೆದಿಟ್ಟುಕೊಂಡು, ಬಾಯಲ್ಲಿ ಗುಟ್ಕಾ ತುಂಬಿಕೊಂಡೇ ಮಾತಾಡುತ್ತಿದ್ದ. ಮಾತು ಫೋನಿನಲ್ಲಿದ್ದವನಿಗೋ ತನಗೋ ಗೊತ್ತಾಗದೆ ಅಶ್ಫಾಕ ಎರಡು ಸಲ ‘ಹಾಂ?’ ಎಂದು ಕೇಳಿ ಪೆಚ್ಚಾಗಿದ್ದ. ಇಂಥವನ ಕೈಗೆ ಕೊಡಬೇಕಾಯಿತಲ್ಲ. ಗೋಳಗುಮ್ಮಟದ ಕೀಚೈನು, ಫೋನಿನ ಕವರು, ಆಧಾರ್ ಕಾರ್ಡಿನ ಲ್ಯಾಮಿನೇಶನ್ನು, ಇವುಗಳ ನಡುವೆ ‘ಡಾಟಾ ರಿಕವರಿ’ ಎಂದು ಕೆಂಪಕ್ಷರದಲ್ಲಿ ಬರೆಸಿಕೊಂಡ ಮನುಷ್ಯ. ಅದರಲ್ಲಿ ಒಂದಕ್ಷರ ಅಂಟು ಬಿಟ್ಟು ಜೋತಾಡುತ್ತಿತ್ತು. ಹೊರಗೆ ಪ್ರವಾಸಿಗರು ಬಸ್ಸಿನಿಂದಿಳಿದು, ಗುಮ್ಮಟಕ್ಕೆ ಬೆನ್ನು ಹಾಕಿ ನಿಂತು, ತಮ್ಮ ಮುಖವನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಕಟ್ಟಡ ಬೆನ್ನ ಹಿಂದೆ ನಿಂತಿದ್ದರೂ ಇವಕ್ಕೆ ತಮ್ಮ ಹಲ್ಲೇ ಮುಖ್ಯ ಎಂದುಕೊಂಡು ಅಶ್ಫಾಕ ಮುಖ ತಿರುಗಿಸಿದ.

“ಬಿದ್ದೈತೇನ್ರಿ ಇದು, ಅಶ್ಫಾಕಭಾಯ್?” ಶಿವಾಜಿ ಈ ಸಲ ಅವನನ್ನೇ ನೋಡಿ ಕೇಳಿದ.

“ಬಿದ್ದಿಲ್ಲ.”

“ಬಿದ್ದಿಲ್ಲಂದ್ರ ಹಿಂಗ ಬಡಕೊಳ್ಳಂಗಿಲ್ರಿ.”

“ಸ್ವಲ್ಪ ಸರದೈತಿ. ಮೇಜಿನ ಮ್ಯಾಲಿಂದ.”

“ಸರದು ಎಲ್ಲಿಗಿ ಹೋತ್ರಿ?”

“ನೆಲಕ್ಕ,” ಎಂದ ಅಶ್ಫಾಕ. ಶಿವಾಜಿ ನಗಲಿಲ್ಲ, ಅದೇ ಹೆಚ್ಚು ಅವಮಾನವಾಯಿತು.

“ಹಂಗಾರ ನನ್ನ ಮಾತ ಕೇಳ್ರಿ. ಇದಕ್ಕ ಇನ್ನ ಒಂದ ಉಸಿರೈತಿ. ಸ್ಕ್ಯಾನ್ ಮುಗಿಯೂತನಕ ತಡದ್ರ ನಿಮ್ಮ ಪುಣ್ಯ. ನಡುವ ನಿಲ್ಲಿಸಿದ್ವಿ ಅಂದ್ರ ಮತ್ತ ಏಳೂದಿಲ್ಲ.”

ನೆಲಕ್ಕೆ ಬಿದ್ದದ್ದು ಇಮೇಲು ಬಂದ ದಿನ. ಬೆಂಗಳೂರಿನ ಗ್ಯಾಲರಿಯೊಂದು ಅವನ ಮಮದಾಪುರದ ಕೆರೆಯ ಫೋಟೋಗಳನ್ನು ಎಲ್ಲೋ ಇಂಟರ್ನೆಟ್ಟಿನಲ್ಲಿ ಸಣ್ಣ ಆಕಾರದಲ್ಲಿ ನೋಡಿತ್ತಂತೆ. ನೀರು ಮತ್ತು ಕಲ್ಲಿನ ಬಗ್ಗೆ ಪ್ರದರ್ಶನ ಮಾಡುತ್ತಿದ್ದಾರಂತೆ. ಮೂಲ ಫೋಟೋಗಳನ್ನು ಪೂರ್ತಿ ಆಕಾರದಲ್ಲಿ ಕಳಿಸಿದರೆ ಗೋಡೆಯೆತ್ತರ ಪ್ರಿಂಟು ಹಾಕುತ್ತಾರಂತೆ, ಜೊತೆಗೆ ಕಲಾವಿದರದೂ ಒಂದು ಭಾವಚಿತ್ರ ಬೇಕಂತೆ. ಕಲಾವಿದರು! ಅಶ್ಫಾಕ ಆ ಶಬ್ದವನ್ನು ಬಾಯಲ್ಲಿ ಖಡೀಸಕ್ಕರೆಯಂತೆ ಇಟ್ಟುಕೊಂಡು, ಲ್ಯಾಪ್‌ಟಾಪನ್ನು ಎತ್ತಿಕೊಂಡೇ ಅಡಿಗೆಮನೆಯ ಕಡೆ ಎದ್ದು ಹೊರಟಿದ್ದ. ಅಲ್ಲಿ ಹೆಂಡತಿ ಹಸೀನಾ ಹೊಸ್ತಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಹಾರ್ಡ್‌ಡಿಸ್ಕಿನ ವಾಯರು ಅವನ ಮೊಣಕಾಲಿಗೆ ತೊಡರಿತು. ಫರ್ಸಿಕಲ್ಲಿನ ಮೇಲೆ ಏನೋ ಟಪ್ಪೆಂದಿತು. “ಏನೋ ಬಿತ್ತ ನೋಡ್ರಿ,” ಎಂದಳು ಹಸೀನಾ. “ಬೀಳ್ಲಿ, ನೀ ಮೊದಲ ಕೇಳು,” ಎಂದು ಅವನು ಇಮೇಲನ್ನು ಇಂಗ್ಲಿಷಿನಲ್ಲಿ ಪೂರ್ತಿ ಓದಿ, ಅರ್ಥ ಹೇಳಿ, ಮತ್ತೊಮ್ಮೆ ಓದಿದ. ಅವಳು ಕೇಳಿ, “ಯಾವ ಫೋಟೋ? ಆ ಕೆರಿ ಫೋಟೋನ?” ಎಂದಿದ್ದಳು. ಆ ಕೆರಿ ಫೋಟೋ! ಎಷ್ಟು ವರ್ಷ, ಎಷ್ಟು ಬೆಳಗು, ಬಬಲೇಶ್ವರದ ಬಸ್ಸಿನಲ್ಲಿ ಹಾಲಿನ ಕ್ಯಾನುಗಳ ನಡುವೆ ಮುದುಡಿ ನಿಂತು ಹೋಗಿ, ಒಂದು ಆಡು ಕಟ್ಟೆಯ ಮೇಲಿಂದ ಸರಿದುಹೋಗಲಿ ಎಂದು ಬಿಸಿಲೇರುವ ತನಕ ಕಾದದ್ದು. ಅವನ ಫೋಟೋಗಳಲ್ಲಿ ಮನುಷ್ಯರಿರಲಿಲ್ಲ. ಮನುಷ್ಯ ಬಂದರೆ ಚಿತ್ರ ಕೆಡುತ್ತದೆ ಎಂಬುದು ಅವನ ಸಿದ್ಧಾಂತ. ಇಂಟರ್ನೆಟ್ಟಿನ ‘ಕ್ಲೌಡ್’ ಎಂಬ ಮೋಡದಲ್ಲೂ ಒಂದು ಪ್ರತಿ ಇಡು ಎಂದು ತಂಗಿಯ ಗಂಡ ಹೇಳಿದಾಗ, ವಿಜಯಪುರದ ಮೋಡ ಯಾವತ್ತು ಯಾರ ಮಾತು ಕೇಳಿದೆ ಎಂದು ನಕ್ಕು ಬಾಯಿ ಮುಚ್ಚಿಸಿದ್ದ. ಆ ನಗೆ ಈಗ ನೆನಪಾಗಿ ಕಿವಿ ಬಿಸಿಯಾಯಿತು. ತಂಗಿಯ ಗಂಡನಿಗೆ ಮಾತ್ರ ಇದು ಗೊತ್ತಾಗಬಾರದು.

ಹೊಟ್ಟೆಪಾಡಿಗೆ ಮಾಡುವ ಕೆಲಸದಲ್ಲಿ ಮನುಷ್ಯರಿಗೇನೂ ಬರವಿರಲಿಲ್ಲ. ಹೋದ ತಿಂಗಳು ಬಬಲೇಶ್ವರದ ಬಸಗೊಂಡಪ್ಪ ತನ್ನ ಮಗಳು ಕಾವ್ಯಾಳ ಮದುವೆಗೆ ಕರೆಸಿದ್ದ. ಮದುವೆಗೆ ಮೊದಲಿನ ಶೂಟಿಂಗ್ ಎಂದು ಹುಡುಗ ಹುಡುಗಿಯನ್ನು ಸೂರ್ಯಕಾಂತಿ ಹೊಲದಲ್ಲಿ ಓಡಿಸಬೇಕಂತೆ, ಗುಲಾಬಿ ಬಣ್ಣದ ಹೊಗೆ ಬಿಡಬೇಕಂತೆ, ಮೇಲಿಂದ ಡ್ರೋನು ನೋಡಬೇಕಂತೆ. ಹುಡುಗನಿಗೆ ಹೊಗೆ ಮೂಗಿಗೇರಿ ಸೀನು ಹಿಡಿದು ಬಿಡಲೇ ಇಲ್ಲ. ಬಸಗೊಂಡಪ್ಪ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, “ಅಶ್ಫಾಕ, ನಮ್ಮ ಹೊಲ ಪೂರಾ ಬರಬೇಕ ನೋಡಪಾ, ಆ ಕಡಿ ಪಂಪ್‌ಸೆಟ್ಟೂ ಬರ್ಲಿ,” ಎಂದು ಕೂಗುತ್ತಿದ್ದ. ಅಶ್ಫಾಕ ಪಂಪ್‌ಸೆಟ್ಟನ್ನೂ ತಂದುಕೊಟ್ಟ. ಕೊಡುವಾಗ ನಕ್ಕ, ‘ಭಾರಿ ಬಂದೈತ್ರಿ’ ಎಂದ, ಊಟ ಮಾಡಿಕೊಂಡು ಬಂದ. ಒಳಗೊಳಗೆ ಮಾತ್ರ ಇವರೆಲ್ಲರ ಬಗ್ಗೆ ಅವನಿಗೆ ಓಕರಿಕೆ. ಬೆಳಕು ಎಂದರೇನೆಂದು ಗೊತ್ತಿಲ್ಲದ ಜನ. ಟ್ಯೂಬ್‌ಲೈಟನ್ನೇ ಬೆಳಕು ಎಂದುಕೊಂಡು ಸಾಯುವ ಜನ. ಇವರ ನಡುವೆ ತಾನು ಹೇಗೆ ಹುಟ್ಟಿದೆ ಎಂದು ಅವನಿಗೆ ಎಷ್ಟೋ ಸಲ ಆಶ್ಚರ್ಯವಾಗಿತ್ತು. ಅಪ್ಪ ಮಲಂಗಸಾಬ ಸ್ಟುಡಿಯೋ ಇಟ್ಟದ್ದೇನೋ ನಿಜ, ಆದರೆ ಅಪ್ಪನೂ ಪಾಸ್‌ಪೋರ್ಟ್ ಸೈಜಿನ ಆಚೆ ಹೋದವನಲ್ಲ. ‘ಇಲ್ಲಿ ಫೋಟೋ ತೆಗೆದು ತೊಳೆದು ಕೊಡಲಾಗುವುದು’ ಎಂಬ ಅಪ್ಪನ ಹಲಗೆ ಇನ್ನೂ ಬಾಗಿಲ ಮೇಲಿತ್ತು. ಅದನ್ನು ಇಳಿಸೋಣವೆಂದರೆ ಹಸೀನಾ ಬಿಡುತ್ತಿರಲಿಲ್ಲ.

ತೊಳೆಯುವುದು ಎಂಬ ಶಬ್ದಕ್ಕೆ ಅವರ ಮನೆಯಲ್ಲಿ ಈಗ ಬೇರೆಯೇ ಅರ್ಥ. ಅಪ್ಪನ ಕಾಲದಲ್ಲಿ ರೀಲು ತೊಳೆದರೆ ಚಿತ್ರ ಬರುತ್ತಿತ್ತು. ಹಸೀನಾಳ ಕಾಲದಲ್ಲಿ ತೊಳೆದರೆ ಹೋಗುತ್ತಿತ್ತು. ಮುಸಲ್ಮಾನರ ಮನೆಯ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋ ಗಂಡಸು ತೆಗೆಯುವಂತಿಲ್ಲ. ಆ ಗಿರಾಕಿ ಕೈತಪ್ಪಬಾರದೆಂದು ಅಶ್ಫಾಕ ಒಂದು ಮಧ್ಯಾಹ್ನ ಹೆಂಡತಿಯ ಕೈಗೆ ಹಳೆಯ ಕ್ಯಾಮೆರಾ ಕೊಟ್ಟು, ಈ ಗುಂಡಿ ಒತ್ತು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ ಎಂದಿದ್ದ. ಅಷ್ಟೇ ಪಾಠ. ಮೊದಲ ಮದುವೆ ಟಿಕೋಟಾದ್ದು, ಒಣದ್ರಾಕ್ಷಿ ವ್ಯಾಪಾರದ ಮನೆ. ಆ ಮನೆಯ ಹಿರಿಯಳು ಇಮಾಮಬಿ, ಮೊಮ್ಮಗಳು ಶಬನಮಳ ಅಲ್ಬಮ್ಮು ಕೈಗೆ ಬಂದ ಮೇಲೆ ತಾನೇ ಬಸ್ಸು ಹತ್ತಿ ವಿಜಯಪುರಕ್ಕೆ ಬಂದು, ಸ್ಟುಡಿಯೋದ ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, “ಈಗ ಎಲ್ಲಾ ತೊಳದಬಿಡು ಬೇಟಿ. ನನ್ನ ಕಣ್ಣ ಮುಂದ ತೊಳಿ,” ಎಂದಿದ್ದಳು. ಹಸೀನಾ ಇದೇ ಹಾರ್ಡ್‌ಡಿಸ್ಕಿನಿಂದ ಎಲ್ಲ ಅಳಿಸಿದಳು. ಕಂಪ್ಯೂಟರು ಕಾಗದ ಮುದುಡಿದಂಥ ಸದ್ದು ಮಾಡಿತು. ಆ ಸದ್ದು ಕೇಳಿ ಮುದುಕಿಗೆ ಸಮಾಧಾನವಾಯಿತು. “ತೊಳದ್ರ ಫೋಟೋ ಬರ್ತದ ಬೂಬು, ಹೋಗಂಗಿಲ್ಲ,” ಎಂದು ಅಶ್ಫಾಕ ಚೇಷ್ಟೆ ಮಾಡಿದಾಗ ಅವಳು ಅವನನ್ನು ಮೂಗು ಸುರಿಯುವ ಕೂಸನ್ನು ನೋಡಿದಂತೆ ನೋಡಿ, “ಅದು ನಿಮ್ಮಪ್ಪನ ಕಾಲಕ್ಕ. ನಿನ್ನ ಹೇಣ್ತಿ ಕಡೆ ನಮ್ಮ ಹೆಣ್ಮಕ್ಕಳ ಅಮಾನತ್ತದ, ನಂಬಿ ಇಟ್ಟದ್ದು, ನೆನಪಿಟ್ಕೊ,” ಎಂದಿದ್ದಳು. ಆಮೇಲೆ ಅದೇ ಪದ್ಧತಿಯಾಯಿತು. ಪ್ರತಿ ಮನೆಯಿಂದಲೂ ಅಲ್ಬಮ್ಮಿನ ನಂತರ ಒಬ್ಬ ಹಿರಿಯ ಹೆಂಗಸು ಬಂದು ಕೂತು ಆ ಸದ್ದು ಕೇಳಿಕೊಂಡು ಹೋಗುವುದು. ಹಸೀನಾ ತೊಳೆದಳೆಂದರೆ ತೊಳೆದಳು ಎಂಬ ಹೆಸರು ಊರೂರಿಗೆ ಹಬ್ಬಿತು. ಆ ಹೆಸರಿನಿಂದಲೇ ಸ್ಟುಡಿಯೋ ನಡೆಯುತ್ತಿತ್ತು ಎಂಬುದನ್ನು ಅಶ್ಫಾಕ ಎಂದೂ ಬಾಯಿಬಿಟ್ಟು ಒಪ್ಪಿರಲಿಲ್ಲ. ಅವಳು ತೆಗೆದದ್ದನ್ನು, ಒಂದನ್ನು ಬಿಟ್ಟರೆ, ಅವನು ಎಂದೂ ನೋಡಿರಲೂ ಇಲ್ಲ. ಕೇಳಿದವರಿಗೆ ಮರ್ಯಾದೆಯ ಕಾರಣ ಹೇಳುತ್ತಿದ್ದ. ನಿಜವೆಂದರೆ ನೋಡಲು ಅದರಲ್ಲೇನಿರುತ್ತದೆ, ನಾಲ್ಕು ಮೆಹಂದಿ ಕೈ, ಎಂಟು ಬಳೆ.

“ಬಂದ್ವ ನೋಡ್ರಿ!” ಎಂದ ಶಿವಾಜಿ.

ಅಶ್ಫಾಕ ಸ್ಟೂಲನ್ನು ಎಳೆದುಕೊಂಡು ಮುಂದೆ ಬಾಗಿದ. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು. ಕೆರೆ, ಕಟ್ಟೆ, ಕಲ್ಲು, ನೀರಿಗಿಳಿದ ಮೆಟ್ಟಿಲು. ಒಂದೊಂದರ ಬೆಳಗೂ ಅವನಿಗೆ ನೆನಪಿತ್ತು. ಶಿವಾಜಿ ಒಂದನ್ನು ಒತ್ತಿದ. ಅದು ಉಗುರಿನಷ್ಟೇ ಇತ್ತು. ಹಿಗ್ಗಿಸಿದರೆ ಕೆರೆ ಚೌಕ ಚೌಕವಾಗಿ ಒಡೆದು, ನೀರೋ ಗೋಡೆಯೋ ಗೊತ್ತಾಗದಂತಾಯಿತು.

“ದೊಡ್ಡವು ಎಲ್ಲಿ?”

“ದೊಡ್ಡವು ಹೋಗ್ಯಾವ್ರಿ. ಬಿದ್ದಾಗ ಒಳಗಿನ ಸೂಜಿ ಆ ಭಾಗನ ಕೆರದ ಹಾಕೈತಿ. ಇವು ಅದರ ನೆಳ್ಳಷ್ಟ. ಆದ್ರ ತಡೀರಿ, ಹಿಂದಿನ ಭಾಗ ಇನ್ನೂ ಓದಾಕತ್ತೈತಿ. ಅಲ್ಲಿ ಏನರೆ ಸಿಕ್ರ ಫುಲ್ ಸೈಜ್ ಸಿಗ್ತಾವ.”

ನೆರಳಂತೆ. ಬೆಂಗಳೂರಿನ ಗೋಡೆಯೆತ್ತರದ ಕೆರೆ ಇಲ್ಲಿ ಅಂಚೆಚೀಟಿಯಾಗಿ ಕೂತಿತ್ತು. ಇಷ್ಟರಲ್ಲಿ ಇಟ್ಟಂಗಿಹಾಳದ ಗುರಣ್ಣ ಎಂಬ ರೈತ ರೇಷನ್ ಕಾರ್ಡಿನ ಮೇಲೆ ಪ್ಲಾಸ್ಟಿಕ್ ಹಾಕಿಸಲು ಬಂದು ಬಾಗಿಲಲ್ಲಿ ನಿಂತ. ಅವನು ಮಾಡಲು ಕೆಲಸವಿಲ್ಲದ ಎಲ್ಲರಂತೆ ಪರದೆಯನ್ನೇ ನೋಡತೊಡಗಿದ. ಇವನೊಬ್ಬ ಕಡಿಮೆಯಾಗಿದ್ದ, ಎಂದುಕೊಂಡ ಅಶ್ಫಾಕ. ಹಸಿರು ಗೆರೆ ಒಮ್ಮೆಗೇ ಕುಪ್ಪಳಿಸಿ ಮುಂದೆ ಹೋಯಿತು. ಪರದೆಯ ಮೇಲೆ ಒಂದು ಫೋಟೋ ಪೂರ್ತಿಯಾಗಿ ತೆರೆದುಕೊಂಡಿತು.

ಎರಡು ಕೈ. ಒಂದು ಮುದಿ ಕೈ, ಒಂದು ಎಳೆಯ ಕೈ. ಮುದಿ ಕೈ ಎಳೆಯ ಕೈಯನ್ನು ಹಿಡಿದು ಬಳೆ ಏರಿಸುತ್ತಿತ್ತು. ಬಳೆ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ಚೂರು ಒತ್ತಿದರೆ ಏರುತ್ತದೆ, ಇಲ್ಲವೇ ಒಡೆಯುತ್ತದೆ. ಆ ಗಳಿಗೆಯ ಭಯ ಎರಡೂ ಕೈಯ ನರಗಳಲ್ಲಿ ಎದ್ದು ಕಾಣುತ್ತಿತ್ತು. ಪಕ್ಕದ ಕಿಟಕಿಯಿಂದ ಬಂದ ಬೆಳಕು ಬಳೆಯ ಗಾಜಿನೊಳಗೆ ಹೊಕ್ಕು, ಎಳೆಯ ಅಂಗೈ ಮೇಲೆ ಒಂದು ಹಸಿರು ಚುಕ್ಕೆಯಾಗಿ ಬಿದ್ದಿತ್ತು. ಉಳಿದದ್ದೆಲ್ಲ ಕತ್ತಲೆ. ಅಶ್ಫಾಕನ ಮೈ ಜುಮ್ಮೆಂದಿತು. ಇದನ್ನು ಯಾವಾಗ ತೆಗೆದೆ? ನೆನಪಾಗಲಿಲ್ಲ. ಸಂತೆಯ ಬಳೆಗಾರರ ಹತ್ತಿರ ಇರಬೇಕು, ಹಾದಿಯಲ್ಲಿ ಹೋಗುವಾಗ ಯಾವುದೋ ಹೊತ್ತಿನಲ್ಲಿ. ಮನುಷ್ಯರೇ ಬೇಡ ಎಂದವನು ಇಂಥದನ್ನು ತೆಗೆದು ಮರೆತೂ ಬಿಟ್ಟಿದ್ದೇನಲ್ಲ! ತನ್ನ ಬಗ್ಗೆ ಅವನಿಗೆ ಎಷ್ಟೋ ದಿನದಿಂದ ಹುಟ್ಟದಿದ್ದ ಮಮಕಾರ ಹುಟ್ಟಿತು.

“ಆಹಾಹಾ, ಏನ ತಗದೀರಿ ಸರ,” ಎಂದ ಗುರಣ್ಣ ಬಾಗಿಲಿಂದ. “ನಮ್ಮವ್ವನ ಕೈ ನೋಡಿದಂಗಾತು.”

“ಕೈ ಅಲ್ಲ ಅದು, ಬೆಳಕು,” ಎಂದ ಅಶ್ಫಾಕ. ಎದ್ದು ನಿಂತೇ ಬಿಟ್ಟ. “ಎಲ್ಲಾರೂ ಕೈ ನೋಡ್ತಾರ. ಆ ಹಸರ ಚುಕ್ಕಿ ನೋಡು, ಅಂಗೈ ಮ್ಯಾಗಿಂದು. ಅದಕ್ಕ ಕಾಯಬೇಕಾಗ್ತದ. ಮುಕ್ಕಾಲು ಮಂದಿ ಇಂಥಲ್ಲಿ ಫ್ಲ್ಯಾಶ್ ಹೊಡದು ಕೆಡಸ್ತಾರ. ನಾ ಹೊಡೀಲಿಲ್ಲ.”

“ಹೌದ್ರಿ,” ಎಂದ ಗುರಣ್ಣ ಭಕ್ತಿಯಿಂದ. ಶಿವಾಜಿ ಕೂಡ ಇಯರ್‌ಫೋನು ತೆಗೆದು ನೋಡಿದ. ಅಶ್ಫಾಕ ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದ. ಆಗ ಎರಡನೆಯ ಫೋಟೋ ಬಂತು.

ಅದೇ ಕಿಟಕಿ, ಅದೇ ಬಳೆ. ಈ ಸಲ ಕೈಗಳಿಗೆ ಮುಖಗಳಿದ್ದವು. ಎಳೆಯ ಹುಡುಗಿಯ ತಲೆಯ ಮೇಲೆ ಸೆರಗಿಲ್ಲ, ಒದ್ದೆ ಕೂದಲು ಹೆಗಲ ತುಂಬ ಹರಡಿದೆ, ಬಾಯಿ ಅಗಲವಾಗಿ ತೆರೆದಿದೆ, ನಗುವೋ ಅಳುವೋ ಹೇಳಲಾಗದು. ಅವಳ ಕೈ ಹಿಡಿದು ಕೂತ ಮುದುಕಿಯ ದುಪಟ್ಟಾ ಜಾರಿ, ತೆಳ್ಳಗಾದ ಬಿಳಿ ಕೂದಲ ನಡುವೆ ನೆತ್ತಿ ಕಾಣುತ್ತಿದೆ. ಇಮಾಮಬಿ. ಟಿಕೋಟಾದ ಇಮಾಮಬಿ ಗೋಳಗುಮ್ಮಟದ ಎದುರಿನ ಮೊಬೈಲ್ ಅಂಗಡಿಯಲ್ಲಿ ಬರಿದಲೆಯಲ್ಲಿ ಕೂತಿದ್ದಳು. ಮೂರನೆಯದು ಬಂತು, ನಾಲ್ಕನೆಯದು ಬಂತು, ಅವು ಒಂದರ ಹಿಂದೊಂದು ಬರುತ್ತಲೇ ಇದ್ದವು. ಅವನು ಎಂದೂ ಕಾಲಿಡದ ಕೋಣೆಗಳು, ಅವನು ಎಂದೂ ನೋಡದ ಮುಖಗಳು.

“ಇವು ಡಿಲೀಟ್ ಮಾಡಿದ್ವ ಇರಬೇಕ್ರಿ,” ಶಿವಾಜಿ ಆರಾಮಾಗಿ ಹೇಳಿದ. “ಡಿಲೀಟ್ ಮಾಡಿದ್ದು ಎಲ್ಲೂ ಹೋಗಂಗಿಲ್ರಿ. ಹೆಸರಷ್ಟ ಹೋಗ್ತೈತಿ. ಅದರ ಮ್ಯಾಲ ಬ್ಯಾರೆ ಏನರೆ ಬೀಳೂತನಕ ಅಲ್ಲೇ ಕುಂತಿರ್ತಾವ.”

ಅಶ್ಫಾಕನಿಗಿಂತ ಮೊದಲು ಮುಖ ತಿರುಗಿಸಿದವನು ಗುರಣ್ಣ. “ಹೆಣ್ಮಕ್ಕಳ ಫೋಟೋ ಅದಾವ ತಗೀರಿ,” ಎಂದು ಗೊಣಗಿ, ರೇಷನ್ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತ ನಿಂತುಬಿಟ್ಟ. ಅವನ ಬೆನ್ನು ಅಶ್ಫಾಕನಿಗೆ ಬೈದಂತೆ ಕಂಡಿತು. ಹೊಲ ಉಳುವ ಇವನಿಂದ ನಾನು ಮರ್ಯಾದೆ ಕಲಿಯಬೇಕೇನು ಎಂದು ಸಿಟ್ಟು ಬಂತು.

“ಬಂದ್ ಮಾಡು ಶಿವಾಜಿ.”

“ಸ್ಕ್ಯಾನ್ ಬಂದ್ ಮಾಡಿದ್ರ ಮುಗೀತ್ರಿ, ನಿಮ್ಮ ಕೆರಿ ಕಥಿ. ಇನ್ನೂ ಅರ್ಧ ಐತಿ. ಮಾನಿಟರ್ ಅಷ್ಟ ಬಂದ್ ಮಾಡ್ತೇನ್ರಿ. ಒಳಗ ಅದರ ಪಾಡಿಗೆ ಅದು ನಡೀತಿರ್ಲಿ, ಯಾರಿಗೂ ಕಾಣಂಗಿಲ್ಲ.”

ಅಷ್ಟು ಸುಲಭವಿತ್ತು. ಶಿವಾಜಿಯ ಬೆರಳು ಮಾನಿಟರಿನ ಗುಂಡಿಯ ಮೇಲಿತ್ತು. ಅಶ್ಫಾಕ ಹೂಂ ಎಂದರೆ ಸಾಕಿತ್ತು. “ಬ್ಯಾಡ,” ಎಂದ. “ಗ್ವಾಡಿ ಕಡೆ ತಿರುಗಿಸು. ನಾ ಒಬ್ಬನ ನೋಡ್ತೇನಿ. ನಡುವ ನನ್ನವು ಬಂದ್ರ ಗೊತ್ತಾಗಬೇಕಲ್ಲ.” ಶಿವಾಜಿ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಮಾನಿಟರನ್ನು ಗೋಡೆಯ ಕಡೆ ತಿರುಗಿಸಿಕೊಟ್ಟು, ಇಯರ್‌ಫೋನು ಸಿಗಿಸಿಕೊಂಡು ಗುರಣ್ಣನ ಕಾರ್ಡಿಗೆ ಪ್ಲಾಸ್ಟಿಕ್ಕು ಹಾಕಲು ಹೋದ.

ಗೋಡೆಗೂ ಪರದೆಗೂ ನಡುವಿನ ಸಂದಿಯಲ್ಲಿ ಸ್ಟೂಲು ಹಾಕಿಕೊಂಡು ಅಶ್ಫಾಕ ಮಧ್ಯಾಹ್ನ ಪೂರ್ತಿ ಕೂತ. ತನ್ನವನ್ನು ಹುಡುಕುತ್ತಿದ್ದೇನೆ ಎಂದು ತನಗೇ ಹೇಳಿಕೊಂಡ. ಮೊದಮೊದಲು ಕುಂದು ಹುಡುಕಿದ. ಇದು ವಾಲಿದೆ. ಇದರಲ್ಲಿ ಕತ್ತಲು ಜಾಸ್ತಿಯಾಗಿ ಕಾಳು ಕಾಳು ಎದ್ದಿದೆ. ಇಲ್ಲಿ ಹಸೀನಾ ಒಬ್ಬಳ ಕಾಲನ್ನು ಚೌಕಟ್ಟಿನಿಂದ ಕತ್ತರಿಸಿದ್ದಾಳೆ, ಇಷ್ಟೂ ತಿಳಿಯುವುದಿಲ್ಲವೇ. ಆದರೆ ಆ ವಾಲಿದ ಫೋಟೋದಲ್ಲಿ ನಾಲ್ಕು ಜನ ಹೆಂಗಸರು ಒಂದೇ ಹಾಸಿಗೆಯ ಮೇಲೆ ಅಡ್ಡಾದಿಡ್ಡಿ ಬಿದ್ದು ನಿದ್ದೆ ಹೋಗಿದ್ದರು, ಮದುವೆಯ ದಣಿವು ಅವರ ಹಿಮ್ಮಡಿಗಳಲ್ಲಿ ಕಾಣುತ್ತಿತ್ತು. ವಾಲದಿದ್ದರೆ ಅದು ಬರುತ್ತಿರಲಿಲ್ಲ. ಕಾಲು ಕತ್ತರಿಸಿದ್ದ ಫೋಟೋದಲ್ಲಿ ಮದುಮಗಳ ತಾಯಿ ಬಾಗಿಲ ಹಿಂದೆ ಒಬ್ಬಳೇ ನಿಂತು ಗಬಗಬನೆ ಅನ್ನ ತಿನ್ನುತ್ತಿದ್ದಳು. ಯಾರೂ ಕ್ಯಾಮೆರಾ ನೋಡುತ್ತಿರಲಿಲ್ಲ. ಅವನು ಹತ್ತಿರ ಹೋದರೆ ಬಸಗೊಂಡಪ್ಪನಿಂದ ಹಿಡಿದು ನಾಯಿಯವರೆಗೆ ಎಲ್ಲರೂ ನೆಟ್ಟಗೆ ನಿಂತು ಹಲ್ಲು ಕಿಸಿಯುತ್ತಾರೆ. ಇವರು ಹಸೀನಾಳ ಮುಂದೆ ಉಸಿರಾಡುತ್ತಿದ್ದರು. ಒಂದರಲ್ಲಿ ಅವನೇ ಇದ್ದ. ಅದನ್ನು ಮಾತ್ರ ಉಳಿದೆಲ್ಲವಕ್ಕಿಂತ ಬೇಗ ದಾಟಿಸಿದ. ಹಸೀನಾ ಬೂಬುಗೆ ಕೊಟ್ಟ ಮಾತನ್ನು ಮುರಿದೆನಲ್ಲ ಎಂದು ಅವನಿಗೆ ನಾಚಿಕೆಯಾಗಬೇಕಿತ್ತು. ಆಗುತ್ತಿದ್ದದ್ದು ಹೊಟ್ಟೆಕಿಚ್ಚು. ಮೆಂತ್ಯದ ಸೊಪ್ಪು ಬಿಡಿಸುವ ಹೆಂಗಸು, ‘ಆ ಕೆರಿ ಫೋಟೋನ’ ಎಂದು ಕೇಳಿದ ಹೆಂಗಸು. ಕೇಳುವಾಗ ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದು ಅವನಿಗೆ ಈಗ ಹೊಳೆದು, ಕೂತಲ್ಲೇ ಬೆವರಿದ. ಸಂಜೆಯ ಹೊತ್ತಿಗೆ ಗೆರೆ ಕೊನೆ ಮುಟ್ಟಿತು. ಕೆರೆಯ ಒಂದು ಹನಿ ನೀರೂ ಮರಳಿ ಬಂದಿರಲಿಲ್ಲ. ಸಿಕ್ಕದ್ದನ್ನೆಲ್ಲ ಶಿವಾಜಿ ಹೊಸ ಡಿಸ್ಕಿಗೆ ತುಂಬಿಕೊಟ್ಟು, “ನನ್ನ ಕಡೆ ಏನೂ ಇಟ್ಕೊಂಡಿಲ್ರಿ, ಬೇಕಾರ ನೋಡ್ರಿ,” ಎಂದ. ಹಳೆಯದು ಇನ್ನೊಮ್ಮೆ ಟಿಕ್ಕೆಂದು ಸುಮ್ಮನಾಯಿತು.

ಮನೆಗೆ ಬಂದಾಗ ಹಸೀನಾ ಸ್ಟುಡಿಯೋದ ಗಾಜು ಒರೆಸುತ್ತಿದ್ದಳು. ಅವರಿಬ್ಬರ ನಡುವೆ ಉರ್ದು ಕನ್ನಡ ಎರಡೂ ಬೆರೆತ ಮಾತು. ಸಿಟ್ಟು ಬಂದಾಗ ಮಾತ್ರ ಅವಳು ಪೂರಾ ತನ್ನ ತವರು ಬಬಲೇಶ್ವರದ ಕನ್ನಡಕ್ಕೆ ಇಳಿಯುತ್ತಿದ್ದಳು.

“ಸಿಕ್ಕುವೇನು?” ಎಂದಳು.

“ನನ್ನವು ಸಿಗಲಿಲ್ಲ. ನಿನ್ನವು ಸಿಕ್ಕಾವ.”

“ನನ್ನವು ಯಾವು?”

“ಹೆಂಗಸರ ಕಡೆವು. ನೀ ತೊಳದಿದ್ದು.”

ಅರಿವೆ ಹಿಡಿದ ಅವಳ ಕೈ ಗಾಜಿನ ಮೇಲೇ ನಿಂತಿತು. “ತೊಳದ್ದು ಹ್ಯಾಂಗ ಬರ್ತಾವ? ಇಮಾಮಬಿನ್ನ ಮುಂದ ಕುಂಡ್ರಿಸಿಕೊಂಡು ತೊಳದೇನಿ ನಾ.”

“ಡಿಲೀಟ್ ಮಾಡಿದ್ದು ಎಲ್ಲೂ ಹೋಗಂಗಿಲ್ಲ. ಹೆಸರಷ್ಟ ಹೋಗ್ತದ. ಮ್ಯಾಲ ಬ್ಯಾರೆ ಬೀಳೂತನಕ ಅಲ್ಲೇ ಇರ್ತಾವ,” ಎಂದ ಅಶ್ಫಾಕ, ಶಿವಾಜಿಯ ಮಾತನ್ನು ತನ್ನದೇ ತಿಳಿವಳಿಕೆಯೆಂಬಂತೆ.

“ಯಾರ್ಯಾರು ನೋಡ್ಯಾರ?”

“ಯಾರೂ ಇಲ್ಲ. ಶಿವಾಜಿ ನಾಕೈದು ನೋಡಿರಬೇಕು. ಮತ್ತ ಯಾರೋ ಒಬ್ಬ ಹಳ್ಳಿಯಾಂವ, ಅವಗೇನ ತಿಳೀತದ.”

“ನೀವು?”

“ನನ್ನವು ಅದಾವೇನು ಅಂತ ನೋಡಬೇಕಾಗಿತ್ತಲ್ಲ.”

“ಎಲ್ಲಾ ನೋಡಿದ್ರಿ?”

ಅಶ್ಫಾಕ ಡಿಸ್ಕನ್ನು ಕಂಪ್ಯೂಟರಿಗೆ ಸಿಗಿಸಿದ. ಅವಳು ಸ್ಟುಡಿಯೋದ ಬಾಗಿಲು ಹಾಕಿ, ಪರದೆ ಎಳೆದು, ಇಮಾಮಬಿ ಕೂತಿದ್ದ ಕುರ್ಚಿಯನ್ನೇ ಎಳೆದುಕೊಂಡು ಕೂತಳು. ಒಂದೊಂದನ್ನೇ ನೋಡಿದಳು. ಅವಳ ಮುಖದಲ್ಲಿ ಅವನು ಹುಡುಕಿದ ಹೆಮ್ಮೆಯಾಗಲಿ ಅಳುಕಾಗಲಿ ಕಾಣಲಿಲ್ಲ. ಊರಿಗೆ ಹೋಗಿಬಂದವರನ್ನು ನೋಡುವಂತೆ ನೋಡುತ್ತಿದ್ದಳು. ಹೇಗಿವೆ ಎಂದು ಕೇಳುತ್ತಾಳೆ ಎಂದು ಅವನು ಕಾದ. ಕೇಳಿದರೆ ಒಂದೆರಡು ತಪ್ಪು ತೋರಿಸಿ, ಆಮೇಲೆ ದೊಡ್ಡ ಮನಸ್ಸು ಮಾಡಿ ಹೊಗಳುವುದೆಂದು ದಾರಿಯಲ್ಲೇ ಮಾತು ಜೋಡಿಸಿಕೊಂಡಿದ್ದ. ಅವಳು ಕೇಳಲಿಲ್ಲ.

“ಚಲೋ ಅದಾವ,” ಎಂದ ಕೊನೆಗೆ. ಮದುವೆಯಾದಾಗಿನಿಂದ ಆಡದ ಮಾತು ಬಾಯಿಂದ ಕಲ್ಲಿನಂತೆ ಬಿತ್ತು.

“ಗೊತ್ತದ,” ಎಂದಳು ಹಸೀನಾ. “ನೋಡಿ ನೋಡಿ ತೊಳೀತಿದ್ದೆ. ಕಣ್ಣ ಮುಚ್ಚಿ ಗುಂಡಿ ಒತ್ತತಿದ್ದೆ ಅಂತ ತಿಳದಿದ್ರೇನು?”

ಬಳೆಯ ಫೋಟೋ ಬಂದಾಗ ಅಶ್ಫಾಕ ಮೌಸನ್ನು ಹಿಡಿದು ನಿಲ್ಲಿಸಿದ. ಗಂಟಲು ಸರಿಮಾಡಿಕೊಂಡ. “ಇದರಾಗ ಮುಖ ಇಲ್ಲ. ಬರೇ ಕೈ. ಇದನ್ನ ಬೆಂಗಳೂರಿನವರಿಗೆ ಕಳಿಸಿದ್ರ ತಪ್ಪೇನಿಲ್ಲ. ಕೆರಿ ಬದಲಿ. ಅವರು ಬ್ಯಾಡ ಅನ್ನಂಗಿಲ್ಲ.”

“ಯಾರ ಹೆಸರಿನ ಮ್ಯಾಲ?”

ಅವನು ಸ್ಟುಡಿಯೋದ ಹೆಸರಿನ ಮೇಲೆ ಎನ್ನಬೇಕೆಂದಿದ್ದ. ನಿನ್ನ ಹೆಸರಿನ ಮೇಲೆ ಎಂಬ ಉತ್ತರವೂ ಇತ್ತು. ಅದು ತಡವಾಗಿ ಹೊಳೆಯಿತು. ಆ ತಡವನ್ನು ಹಸೀನಾ ಪೂರ್ತಿ ನೋಡಿದಳು.

“ಇಮಾಮಬಿ ಕೈ ಟಿಕೋಟಾದಾಗ ಸಣ್ಣ ಕೂಸು ಸೈತ ಗುರ್ತ ಹಿಡೀತದ,” ಎಂದು ಮೌಸನ್ನು ಅವನ ಕೈಯಿಂದ ಬಿಡಿಸಿಕೊಂಡಳು. “ಬೂಬು ನಂಬಿ ಹೋಗ್ಯಾಳ. ಈ ಸಲ ಖರೇನ ತೊಳೀಬೇಕು. ಮ್ಯಾಲ ಬ್ಯಾರೆ ಬೀಳಬೇಕು ಅಂದ್ರೆಲ್ಲ, ಏನ ಹಾಕೂದು? ದೊಡ್ಡದು ಬೇಕು, ಪೂರಾ ತುಂಬೂವಂಥದು.”

ಕಂಪ್ಯೂಟರಿನಲ್ಲಿ ಅಷ್ಟು ದೊಡ್ಡದು ಒಂದೇ ಇತ್ತು, ಕಾವ್ಯಾಳ ಮದುವೆಯ ಡ್ರೋನ್ ವಿಡಿಯೋ. ಹಸೀನಾ ಎಲ್ಲ ಫೋಟೋಗಳನ್ನು ಅಳಿಸಿದಳು. ಕಾಗದ ಮುದುಡಿದ ಸದ್ದಾಯಿತು. ಆಮೇಲೆ ಡಿಸ್ಕು ಇನ್ನು ಹಿಡಿಸುವುದಿಲ್ಲ ಎನ್ನುವ ತನಕ ಅದೇ ವಿಡಿಯೋವನ್ನು ಮತ್ತೆ ಮತ್ತೆ ತುಂಬಿಸಿದಳು. ಹಾಸಿಗೆಯ ಮೇಲೆ ಮಲಗಿದ್ದ ಹೆಂಗಸರ ಮೇಲೆ, ಬಾಗಿಲ ಹಿಂದೆ ಅನ್ನ ತಿನ್ನುತ್ತಿದ್ದ ತಾಯಿಯ ಮೇಲೆ, ಆ ಹಸಿರು ಚುಕ್ಕೆಯ ಮೇಲೆ ಬಸಗೊಂಡಪ್ಪನ ಸೂರ್ಯಕಾಂತಿ ಹೊಲ, ಗುಲಾಬಿ ಹೊಗೆ, ಪಂಪ್‌ಸೆಟ್ಟು, ಸೀನುವ ಅಳಿಯ ಬಂದು ಕೂತರು. ಅಶ್ಫಾಕನಿಗೆ ತಡೆಯಬೇಕೆನಿಸಿತು. ಕೆರೆ ಹೋದಾಗ ಆಗಿದ್ದಕ್ಕಿಂತ ಹೆಚ್ಚು ಸಂಕಟ ಈಗ ಆಗುತ್ತಿತ್ತು. ಅದನ್ನು ಹೇಳಲು ಅವನಿಗೆ ಮುಖವಿರಲಿಲ್ಲ. ಹಸೀನಾ ಮಾತ್ರ ದಿನಾ ಪಾತ್ರೆ ತೊಳೆದಿಡುವವಳ ಹಾಗೆ ಕೂತಿದ್ದಳು. ಒಮ್ಮೆ ಮಾತ್ರ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

ಎಲ್ಲ ಮುಗಿದ ಮೇಲೆ ಪರದೆಯ ಮೂಲೆಯಲ್ಲಿ ಒಂದು ಫೋಟೋ ಉಳಿದಿತ್ತು. ಅವಳು ಅದನ್ನು ಮೊದಲೇ ಬೇರೆ ತೆಗೆದಿಟ್ಟಿದ್ದಳು.

“ಇದು ಯಾರ ಅಮಾನತ್ತೂ ಅಲ್ಲ,” ಎಂದು ಒತ್ತಿ ತೆರೆದಳು.

ಟಿಕೋಟಾದ ಮದುವೆಯದು. ಹೆಂಗಸರ ಕಡೆಯ ಪರದೆಯ ಸಂದಿಯಿಂದ ಗಂಡಸರ ಪಂಕ್ತಿಯ ಕಡೆ ತೆಗೆದದ್ದು. ಅರ್ಧ ಚಿತ್ರದ ತುಂಬ ಪರದೆಯ ಕಪ್ಪು ಬಟ್ಟೆ. ಉಳಿದರ್ಧದಲ್ಲಿ ಒಬ್ಬ ಮುದುಕ ತಾಟಿಗೆ ಅಂಟಿದ ಕೊನೆಯ ಬಿರಿಯಾನಿ ಅಗುಳನ್ನು ಬೆರಳಿನಿಂದ ಬಳಿದು ಸುಖವಾಗಿ ನೆಕ್ಕುತ್ತಿದ್ದಾನೆ. ಅವನ ಹಿಂದೆ ಕೊರಳಿಗೆ ಕ್ಯಾಮೆರಾ ಜೋತುಹಾಕಿಕೊಂಡು ನಿಂತ ಅಶ್ಫಾಕ ಆ ಮುದುಕನನ್ನು ನೋಡುತ್ತಿದ್ದಾನೆ. ಓಕರಿಕೆಗೆ ಮೇಲ್ದುಟಿಯ ಒಂದು ತುದಿ ಎದ್ದಿದೆ. ಒಂದು ಕಣ್ಣು ಅರ್ಧ ಮುಚ್ಚಿದೆ. ಹಸೀನಾ ಅಂದು ತೋರಿಸಿದ್ದು ಇದೊಂದನ್ನೇ. ‘ಇದನ್ನ ಮೊದಲ ತೊಳಿ, ನಾ ಹಿಂಗ ಇಲ್ಲ’ ಎಂದು ಅಶ್ಫಾಕ ಆಗ ಹೇಳಿದ್ದ.

“ನಿಮ್ಮದೂ ಒಂದ ಫೋಟೋ ಕೇಳ್ಯಾರ ಅಂತ ಓದಿದ್ರೆಲ್ಲ ಆವತ್ತ,” ಎಂದಳು ಹಸೀನಾ ಎದ್ದು ನಿಂತು. “ಇದನ್ನ ಕಳಸ್ರಿ. ಫುಲ್ ಸೈಜಿಂದದ.” ಗಾಜು ಒರೆಸುವ ಅರಿವೆಯನ್ನು ಎತ್ತಿಕೊಂಡು ಒಳಗೆ ಹೊರಟವಳು ಹೊಸ್ತಿಲ ಮೇಲೆ ತಿರುಗಿದಳು. “ಕಳಸೂ ಮುಂದ ತಗದಾಕಿ ಹೆಸರ ಹಾಕೂದ ಮರೀಬ್ಯಾಡ್ರಿ.”

ಅಶ್ಫಾಕ ಪರದೆಯ ಹತ್ತಿರ ಬಾಗಿದ. ಹಿಗ್ಗಿಸಿದ. ಚೌಕ ಒಡೆಯಲಿಲ್ಲ. ತುಟಿಯ ತುದಿಯ ಸಣ್ಣ ಗೆರೆಯೂ ಸ್ಪಷ್ಟವಾಗಿತ್ತು. ವಾಲಿದೆಯೇ ನೋಡಿದ, ಕಾಳು ಎದ್ದಿದೆಯೇ ನೋಡಿದ, ಬೆಳಕು ಎಲ್ಲಾದರೂ ತಪ್ಪಿದೆಯೇ ಎಂದು ಮೂಲೆ ಮೂಲೆಯನ್ನೂ ಹುಡುಕಿದ. ಹುಡುಕುತ್ತಿದ್ದಾಗ ತನ್ನ ಮೇಲ್ದುಟಿಯ ಒಂದು ತುದಿ ಎದ್ದಿರುವುದು ಗೊತ್ತಾಗಿ ಅದನ್ನು ಕೈಯಿಂದ ಒತ್ತಿ ಹಿಡಿದುಕೊಂಡ. ಫೋಟೋ ಬಹಳ ಚೆನ್ನಾಗಿ ಬಂದಿತ್ತು.